ದುಡ್ಡಿಲ್ಲದೆ ಹಂಚಿದ ಹಾಡು

ಭಾಗವತರು: ಹಾಡನ್ನು ಮಾರಿದರೆ ತಪ್ಪು, ಸುಮ್ಮನೆ ಹಂಚಿದರೆ ತಪ್ಪಲ್ಲ ಎಂಬ ನಂಬಿಕೆ ಭಟ್ಕಳದಿಂದ ಕುಮಟಾದವರೆಗೂ ಗಟ್ಟಿಯಾಗಿದೆ. ಯಕ್ಷಗಾನ ಆಟದ ಧ್ವನಿಮುದ್ರಣವನ್ನು ವಾಟ್ಸಾಪ್ ಗುಂಪಿಗೆ ಹಾಕುವವರು, ಹಳೆಯ ಕ್ಯಾಸೆಟ್ಟನ್ನು ಯೂಟ್ಯೂಬಿಗೆ ಏರಿಸುವವರು ‘ಲಾಭದ ಉದ್ದೇಶವಿಲ್ಲ’ ಎಂದು ಕೆಳಗೊಂದು ಸಾಲು ಬರೆದುಬಿಡುತ್ತಾರೆ. ಆ ಸಾಲಿಗೆ ಕಾನೂನಿನಲ್ಲಿ ಏನಾದರೂ ಬೆಲೆ ಇದೆಯೇ?

ವಕೀಲರು: ಆ ಸಾಲೊಂದರಿಂದ ರಕ್ಷಣೆ ಸಿಗುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆ ಜಾರಿಗೆ ಬಂದದ್ದು 1958ರ ಜನವರಿ 21ರಂದು. ಅದರ 14ನೇ ಕಲಂ ಹಕ್ಕುದಾರನಿಗೆ ಮಾತ್ರ ಸೇರಿದ ಕೆಲಸಗಳು ಯಾವುವು ಎಂದು ಹೇಳುತ್ತದೆ. ಪ್ರತಿ ಮಾಡುವುದು, ಜನರ ಮುಂದೆ ಪ್ರಯೋಗಿಸುವುದು, ಯಾವುದೇ ಸಾಧನದ ಮೂಲಕ ಜನರಿಗೆ ಮುಟ್ಟಿಸುವುದು ಅದರಲ್ಲಿ ಸೇರಿವೆ. ಒಪ್ಪಿಗೆ ಇಲ್ಲದೆ ಮತ್ತೊಬ್ಬರು ಅದನ್ನು ಮಾಡಿದರೆ 51ನೇ ಕಲಮಿನ ಪ್ರಕಾರ ಉಲ್ಲಂಘನೆ. ದುಡ್ಡು ಬಂತೋ ಇಲ್ಲವೋ ಎಂದು ಅಲ್ಲಿ ಕೇಳುವುದೇ ಇಲ್ಲ. ಅಕ್ರಮ ಪ್ರತಿಗಳನ್ನು ಹಂಚುವ ಬಗ್ಗೆ ಅದೇ ಕಲಂ ಎರಡು ಮಾತು ಹೇಳುತ್ತದೆ: ವ್ಯಾಪಾರಕ್ಕಾಗಿ ಹಂಚಿದರೂ ತಪ್ಪು, ಹಕ್ಕುದಾರನಿಗೆ ಪೆಟ್ಟು ಬೀಳುವಷ್ಟು ಹಂಚಿದರೂ ತಪ್ಪು. ಬಿಟ್ಟಿ ಹಂಚಿಕೆಯನ್ನು ಕಾಯ್ದೆ ಬರೆದವರು ಇಂಟರ್ನೆಟ್ಟಿಗೆ ಎಷ್ಟೋ ಮೊದಲೇ ಊಹಿಸಿದ್ದರು.

ಭಾಗವತರು: ಹಾಗಾದರೆ ಲಾಭ ಎಂಬ ಮಾತಿಗೆ ಕಾಯ್ದೆಯಲ್ಲಿ ಜಾಗವೇ ಇಲ್ಲವೇ?

ವಕೀಲರು: ಇದೆ, ಆದರೆ ಜನ ತಿಳಿದ ಜಾಗದಲ್ಲಿಲ್ಲ. ಕೆಲವು ವಿನಾಯಿತಿಗಳಲ್ಲಿದೆ, ಶಿಕ್ಷೆಯ ಪ್ರಮಾಣದಲ್ಲಿದೆ. ಅಲ್ಲಿಗೆ ಹೋಗುವ ಮೊದಲು ಒಂದು ಹಾಡಿನಲ್ಲಿ ಎಷ್ಟು ಜನರ ಹಕ್ಕು ಕೂಡಿದೆ ಎಂದು ನೋಡಬೇಕು. ಕರಾವಳಿಯ ಗೊಂದಲಗಳಲ್ಲಿ ಹೆಚ್ಚಿನವು ಅಲ್ಲಿಂದಲೇ ಹುಟ್ಟುತ್ತವೆ.

ಭಾಗವತರು: ಪ್ರಸಂಗದ ಪದ್ಯವನ್ನೇ ತೆಗೆದುಕೊಳ್ಳೋಣ. ದೇವಿದಾಸನ ಪದ್ಯ, ಪಾರ್ತಿಸುಬ್ಬನ ಪದ್ಯ ಯಾರ ಸ್ವತ್ತೂ ಅಲ್ಲವಲ್ಲ?

ವಕೀಲರು: ಅಲ್ಲ. ಕವಿ ಸತ್ತ ಮರುವರ್ಷದಿಂದ 60 ವರ್ಷ ಕಳೆದರೆ ಸಾಹಿತ್ಯ ಎಲ್ಲರದ್ದು. ಈ ಅವಧಿ ಮೊದಲು 50 ವರ್ಷವಿತ್ತು, 1992ರಲ್ಲಿ 60 ಆಯಿತು. ಶತಮಾನಗಳ ಹಿಂದಿನ ಪದ್ಯಕ್ಕೆ ಯಾರ ಅಪ್ಪಣೆಯೂ ಬೇಡ. ಪರಂಪರೆಯ ಮಟ್ಟು, ತಾಳ, ರಾಗಗಳಿಗೂ ಬೇಡ. ಆದರೆ ಅದೇ ಪದ್ಯವನ್ನು ಈಚಿನ ಭಾಗವತರೊಬ್ಬರು ಹಾಡಿ, ಕಂಪನಿಯೊಂದು ಮುದ್ರಿಸಿ ಕ್ಯಾಸೆಟ್ ತಂದರೆ, ಆ ಮುದ್ರಣದ ಮೇಲೆ ಕಂಪನಿಗೆ ಬೇರೆಯೇ ಹಕ್ಕು. ಪ್ರಕಟವಾದ ಮರುವರ್ಷದಿಂದ 60 ವರ್ಷ ಅದು ನಡೆಯುತ್ತದೆ. 1965ರಲ್ಲಿ ಬಿಡುಗಡೆಯಾದ ಗ್ರಾಮಫೋನ್ ತಟ್ಟೆಯ ಹಕ್ಕು 2025ರ ಕೊನೆಗೆ ಮುಗಿಯಿತು. 1985ರ ಕ್ಯಾಸೆಟ್ಟಿನದು 2045ರವರೆಗೆ ಇರುತ್ತದೆ. ಪದ್ಯ ಮುಕ್ತವಾದ ಮಾತ್ರಕ್ಕೆ ಕ್ಯಾಸೆಟ್ ಮುಕ್ತವಾಗಲಿಲ್ಲ.

ಭಾಗವತರು: ಹೊಸ ಪ್ರಸಂಗಗಳೂ ಇವೆ.

ವಕೀಲರು: ಅಲ್ಲಿ ಪದ್ಯಕ್ಕೂ ಒಡೆಯನಿದ್ದಾನೆ. ಭಾಗವತ ಕಾಳಿಂಗ ನಾವಡರು ತೀರಿಕೊಂಡದ್ದು 1990ರಲ್ಲಿ. ಅವರು ರಚಿಸಿದ ‘ನಾಗಶ್ರೀ’ಯ ಸಾಹಿತ್ಯದ ಹಕ್ಕು 2050ರ ಕೊನೆಯವರೆಗೆ ಉಳಿಯುತ್ತದೆ. ಇನ್ನು ಮೂರನೆಯದು ಹಾಡಿದವರ ಹಕ್ಕು. 1978ರಲ್ಲಿ ದೇವ್ ಆನಂದರ ಪ್ರಕರಣದಲ್ಲಿ ಬಾಂಬೆ ಹೈಕೋರ್ಟು, ನಟನ ಅಭಿನಯಕ್ಕೆ ಕಾಯ್ದೆಯಲ್ಲಿ ಪ್ರತ್ಯೇಕ ಹಕ್ಕಿಲ್ಲ ಎಂದಿತ್ತು. 1994ರ ತಿದ್ದುಪಡಿ ಆ ಕೊರತೆಯನ್ನು ನೀಗಿತು. ನಟ, ಗಾಯಕ, ವಾದ್ಯಗಾರ, ನರ್ತಕ, ದೊಂಬರಾಟದವ, ಹಾವಾಡಿಗ, ಉಪನ್ಯಾಸ ಕೊಡುವವ, ಎಲ್ಲರೂ ಈಗ ಕಾಯ್ದೆಯ ಮಾತಿನಲ್ಲಿ ‘ಪ್ರದರ್ಶಕರು’. ಭಾಗವತ, ಮದ್ದಳೆಗಾರ, ಚಂಡೆಯವ, ವೇಷಧಾರಿ, ತಾಳಮದ್ದಲೆಯ ಅರ್ಥಧಾರಿ ಅದರೊಳಗೆ ಬರುತ್ತಾರೆ. ಈ ಹಕ್ಕಿನ ಅವಧಿ 1999ರಲ್ಲಿ 25ರಿಂದ 50 ವರ್ಷಕ್ಕೆ ಏರಿತು. 2000ನೇ ಇಸವಿಯ ಒಂದು ಆಟದಲ್ಲಿ ಹಾಡಿದ ಭಾಗವತರ ಹಕ್ಕು 2050ರ ಕೊನೆಯವರೆಗೆ ಇರುತ್ತದೆ.

ಭಾಗವತರು: ಕೇಳಿ ಕಲಿಯುವುದು ನಮ್ಮ ವಿದ್ಯೆಯ ಕ್ರಮ. ಗುರುವಿನ ಬಾಯಿಂದ, ಗುರು ಸಿಗದಿದ್ದರೆ ಕ್ಯಾಸೆಟ್ಟಿನಿಂದ. ನಾವಡರ ಕ್ಯಾಸೆಟ್ ಕೇಳಿ ಭಾಗವತರಾದವರು ಈ ಸೀಮೆಯಲ್ಲಿ ಎಷ್ಟು ಜನ! ಅದೂ ಕಳವೇ?

ವಕೀಲರು: ಖಂಡಿತ ಅಲ್ಲ. ಧ್ವನಿಮುದ್ರಣದ ಹಕ್ಕು ಆ ಮುದ್ರಿತ ಧ್ವನಿಗೆ ಮಾತ್ರ ಅಂಟಿಕೊಂಡದ್ದು. ಅದನ್ನು ಕೇಳಿ, ಅದೇ ಏರಿಳಿತದಲ್ಲಿ ಸ್ವಂತ ಕಂಠದಿಂದ ಹಾಡಿದರೆ ಮುದ್ರಣದ ಪ್ರತಿ ಆಗುವುದಿಲ್ಲ. ಶೈಲಿಗೆ ಒಡೆತನವಿಲ್ಲ. ಇದನ್ನು ಒತ್ತಿ ಹೇಳಬೇಕು, ಏಕೆಂದರೆ ಕಾಪಿರೈಟಿನ ಹೆದರಿಕೆ ತಪ್ಪು ಜಾಗಕ್ಕೆ ತಗುಲಿದರೆ ಹುಡುಗರು ಕಲಿಯುವುದನ್ನೇ ಬಿಟ್ಟಾರು.

ಭಾಗವತರು: ಯಕ್ಷಗಾನದ ವಿಷಯ ಕೋರ್ಟಿನ ಮೆಟ್ಟಿಲು ಹತ್ತಿದ್ದು ಕಾರಂತರ ‘ಯಕ್ಷರಂಗ’ದಿಂದ. ಅಲ್ಲಿಯೂ ಲಾಭದ ಪ್ರಶ್ನೆ ಎದ್ದಿತ್ತೇ?

ವಕೀಲರು: ದೇಶದಲ್ಲಿ ಈ ಪ್ರಶ್ನೆಗೆ ಸಿಕ್ಕ ಮುಖ್ಯ ಉತ್ತರಗಳಲ್ಲಿ ಒಂದು ಅದೇ, ಅದೂ ನಮ್ಮ ಕಲೆಯಿಂದಲೇ ಬಂತು. ಶಿವರಾಮ ಕಾರಂತರು ಬಡಗುತಿಟ್ಟಿನ ಆಟವನ್ನು ಮಾತು ಕಡಿಮೆ ಮಾಡಿ, ವೇಷ ತಿದ್ದಿ, ಪಿಟೀಲು ಸ್ಯಾಕ್ಸೊಫೋನುಗಳನ್ನು ಸೇರಿಸಿ, ಕುಣಿತವೇ ಕತೆ ಹೇಳುವ ಬ್ಯಾಲೆಯಾಗಿ ಮಾರ್ಪಡಿಸಿದರು. 1994ರ ಜೂನ್ 18ರಂದು ಮೃತ್ಯುಪತ್ರ ಬರೆದರು, 1997ರ ಡಿಸೆಂಬರಿನಲ್ಲಿ ತೀರಿಕೊಂಡರು. ಹಕ್ಕು ಬಿ. ಮಾಲಿನಿ ಮಲ್ಯ ಅವರಿಗೆ ಬಂತು. 2001ರಲ್ಲಿ ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ದೆಹಲಿಯಲ್ಲಿ ಆ ರೂಪದ ‘ಅಭಿಮನ್ಯು ವಧೆ’ಯನ್ನು ಆಡಿಸಿತು. ಒಪ್ಪಿಗೆ ಪಡೆದಿಲ್ಲವೆಂದು ಮಲ್ಯ ಅವರು ಉಡುಪಿಯ ಜಿಲ್ಲಾ ನ್ಯಾಯಾಲಯದಲ್ಲಿ ದಾವೆ ಹೂಡಿದರು. ಅಲ್ಲಿ ತಡೆಯಾಜ್ಞೆ ಸಿಕ್ಕಿತು. ಕಾರಂತರು ರೂಪಿಸಿದ ಏಳು ಪ್ರಸಂಗಗಳನ್ನು, ಅವರೇ ಕಂಡುಕೊಂಡ ವೇಷ, ಕುಣಿತ, ನಿರ್ದೇಶನಗಳ ಸಮೇತ ಆಡಬೇಕಾದರೆ ಕಾಯ್ದೆಯ ಪ್ರಕಾರವೇ ಆಡಬೇಕು ಎಂದು ಹೈಕೋರ್ಟು ಅದನ್ನು ಸ್ಪಷ್ಟಗೊಳಿಸಿತು.

ಭಾಗವತರು: ‘ಅಭಿಮನ್ಯು ವಧೆ’ ಮಹಾಭಾರತದ ಕತೆ. ಅದಕ್ಕೆ ಹಕ್ಕು ಎಲ್ಲಿಂದ ಬಂತು?

ವಕೀಲರು: ಕತೆಗೆ ಬರಲಿಲ್ಲ. ಇಡಗುಂಜಿ ಮೇಳವಾಗಲಿ, ಭಟ್ಕಳದ ಬಯಲಿನಲ್ಲಿ ಆಡುವ ಮತ್ತೊಂದು ಮೇಳವಾಗಲಿ ಸಾಂಪ್ರದಾಯಿಕ ರೀತಿಯಲ್ಲಿ ಅಭಿಮನ್ಯುವಿನ ಆಟ ಆಡಲು ಯಾರನ್ನೂ ಕೇಳಬೇಕಾಗಿಲ್ಲ. ಕಾರಂತರು ಹೊಸದಾಗಿ ಸೇರಿಸಿದ್ದಕ್ಕಷ್ಟೇ ರಕ್ಷಣೆ ಸಿಕ್ಕಿತು. ಅಕಾಡೆಮಿ ಸುಪ್ರೀಂ ಕೋರ್ಟಿಗೆ ಹೋಯಿತು. 2009ರ ಜನವರಿ 23ರಂದು ತೀರ್ಪು ಬಂತು. ತಡೆಯಾಜ್ಞೆ ನಿಂತಿತು, ಆದರೆ 52ನೇ ಕಲಮಿನ ವಿನಾಯಿತಿಗಳಿಗೆ ಅದು ಅಡ್ಡ ಬರಬಾರದೆಂದು ನ್ಯಾಯಾಲಯ ಬಿಡಿಸಿ ಹೇಳಿತು. ಖಾಸಗಿ ಬಳಕೆ, ಸಂಶೋಧನೆ, ವಿಮರ್ಶೆಗಾಗಿ ನ್ಯಾಯವಾಗಿ ಬಳಸಿದರೆ ತಡೆ ಇಲ್ಲ. ಶಿಕ್ಷಣ ಸಂಸ್ಥೆ ತನ್ನ ಚಟುವಟಿಕೆಯ ಭಾಗವಾಗಿ, ಕಲಂ ಹಾಕಿದ ಮಿತಿಯೊಳಗೇ ಆಡಿದರೆ ತಡೆ ಇಲ್ಲ. ಸಂಸ್ಥೆ ಹವ್ಯಾಸಿ ಸಂಘದ ವ್ಯಾಖ್ಯೆಗೆ ಒಳಪಟ್ಟು, ದುಡ್ಡು ಕೊಡದ ಪ್ರೇಕ್ಷಕರ ಮುಂದೆ ಆಡಿದರೂ ತಡೆ ಇಲ್ಲ. ಲಾಭವಿಲ್ಲ ಎಂಬ ಒಂದೇ ಮಾತಿಗೆ ನ್ಯಾಯಾಲಯ ತಲೆದೂಗಲಿಲ್ಲ. ಆಡುವವರು ಯಾರು, ನೋಡುವವರು ಯಾರು, ಸಂದರ್ಭ ಯಾವುದು ಎಂದು ನೋಡಿತು.

ಭಾಗವತರು: ಹವ್ಯಾಸಿ ಸಂಘದ ಆ ವಿನಾಯಿತಿ ನಮ್ಮ ಆಟಗಳಿಗೆ ಹೇಗೆ ಹೊಂದುತ್ತದೆ? ಇಲ್ಲಿ ಟಿಕೆಟ್ ಇಟ್ಟ ಡೇರೆ ಆಟವಿದೆ, ಹರಕೆಯ ಬಯಲಾಟವಿದೆ, ಸಂಘದವರ ಆಟವಿದೆ, ದೇವಸ್ಥಾನದ ಸಹಾಯಾರ್ಥ ಆಟವೂ ಇದೆ.

ವಕೀಲರು: ಒಂದೊಂದಕ್ಕೂ ಬೇರೆ ಉತ್ತರ. ಹೊಸ ಪ್ರಸಂಗವೆಂದೇ ಇಟ್ಟುಕೊಳ್ಳೋಣ. ಡೇರೆ ಆಟಕ್ಕೆ ಕವಿಯ ಒಪ್ಪಿಗೆ ಬೇಕೇ ಬೇಕು. ಹರಕೆ ಆಟದಲ್ಲಿ ಪ್ರೇಕ್ಷಕರು ದುಡ್ಡು ಕೊಡುವುದಿಲ್ಲ ನಿಜ, ಆದರೆ ಆಟ ಆಡಿಸುವವರು ಮೇಳಕ್ಕೆ ವೀಳ್ಯ ಕೊಟ್ಟಿರುತ್ತಾರೆ, ಕಲಾವಿದರಿಗೆ ಸಂಬಳವಿದೆ. 1934ರಲ್ಲಿ ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದಂಥ ವೃತ್ತಿಮೇಳವನ್ನು ಹವ್ಯಾಸಿ ಸಂಘವೆನ್ನಲು ಬರುವುದಿಲ್ಲ. ನೋಡುವವರಿಗೆ ಬಿಟ್ಟಿಯಾದರೂ ವಿನಾಯಿತಿ ಸಿಗದ ಆಟ ಇದು, ಹೆಚ್ಚಿನವರು ಎಡವುವುದೂ ಇಲ್ಲೇ. ಊರಿನ ಮಾಸ್ತರರು, ಕೃಷಿಕರು, ಬ್ಯಾಂಕಿನವರು ಸೇರಿದ ಸಂಘ ಟಿಕೆಟ್ ಇಲ್ಲದೆ ಆಡಿದರೆ ವಿನಾಯಿತಿ ನೇರವಾಗಿ ಸಿಗುತ್ತದೆ. ಅದೇ ಸಂಘ ದೇವಸ್ಥಾನದ ಜೀರ್ಣೋದ್ಧಾರಕ್ಕಾಗಿ ಟಿಕೆಟ್ ಇಟ್ಟರೂ ಸಿಗುತ್ತದೆ, ಏಕೆಂದರೆ ದುಡ್ಡು ಕೊಡದ ಪ್ರೇಕ್ಷಕರು ‘ಅಥವಾ’ ಧಾರ್ಮಿಕ ಸಂಸ್ಥೆಯ ಪ್ರಯೋಜನ ಎಂದು ಕಾಯ್ದೆ ಬರೆದಿದೆ. ದುಡ್ಡು ಕೈಬದಲಾಗಿಯೂ ಉಲ್ಲಂಘನೆಯಾಗದ ಅಪರೂಪದ ಜಾಗ ಇದು. ಸಂಭಾವನೆ ಕೊಟ್ಟು ಮೇಳದ ಅತಿಥಿ ಕಲಾವಿದರನ್ನೇ ತುಂಬಿಸಿದರೆ ಮಾತ್ರ ಸಂಘ ಹವ್ಯಾಸಿಯೆಂಬ ವಾದ ಸೊರಗುತ್ತದೆ.

ಭಾಗವತರು: ಕ್ಯಾರಿಯೋಕೆ ಹಾಕಿಕೊಂಡು ಸಿನಿಮಾ ಹಾಡು ಹೇಳುವ ಬಳಗಗಳು ಈಗ ಹಳ್ಳಿಯಲ್ಲೂ ಇವೆ. ಅವರೂ ಹವ್ಯಾಸಿಗಳೇ.

ವಕೀಲರು: ಹಾಡುವುದಕ್ಕೆ ಆ ವಿನಾಯಿತಿ ಸಾಕು. ಆದರೆ ಅದು ಸಾಹಿತ್ಯ, ನಾಟಕ, ಸಂಗೀತ ಕೃತಿಗಳಿಗೆ ಮಾತ್ರ ಅನ್ವಯ. ಹಿಂದೆ ಬರುವ ಕ್ಯಾರಿಯೋಕೆ ಟ್ರ್ಯಾಕು ಸ್ವತಃ ಒಂದು ಧ್ವನಿಮುದ್ರಣ. ಅದನ್ನು ಕೇಳಿಸುವುದಕ್ಕೆ ಇನ್ನೊಂದು ಉಪಕಲಂ ಇದೆ. ಲಾಭಕ್ಕಾಗಿ ನಡೆಸದ ಕ್ಲಬ್ ಅಥವಾ ಅಂಥ ಸಂಸ್ಥೆ ತನ್ನ ಚಟುವಟಿಕೆಯ ಭಾಗವಾಗಿ ಮುದ್ರಣ ಕೇಳಿಸಬಹುದು. ವಸತಿ ಕಟ್ಟಡದ ನಿವಾಸಿಗಳಿಗಾಗಿ ಇರುವ ಸಾಮಾನ್ಯ ಕೋಣೆಯಲ್ಲೂ ಕೇಳಿಸಬಹುದು, ಹೋಟೆಲಿನಲ್ಲಿ ಆಗದು. ಭಟ್ಕಳ–ಹೊನ್ನಾವರ ಓಡುವ ಟೆಂಪೋದಲ್ಲಿ ಹಾಡು ಹಾಕುವುದು ಈ ಯಾವುದಕ್ಕೂ ಸೇರದು, ಹಾಡಿಗೆ ಬೇರೆ ದರ ಇಲ್ಲದಿದ್ದರೂ ಅದು ವ್ಯವಹಾರದ ಭಾಗ. ಬಳಗದವರು ಹಾಡಿದ್ದನ್ನು ಮುದ್ರಿಸಿ ನೆಟ್ಟಿಗೆ ಹಾಕಿದರೆ ಅದು ಬೇರೆಯದೇ ಕೆಲಸ. ಸಭಾಂಗಣದ ವಿನಾಯಿತಿ ಅಲ್ಲಿಯವರೆಗೆ ಚಾಚುವುದಿಲ್ಲ.

ಭಾಗವತರು: ಶಾಲೆಯ ಗ್ಯಾದರಿಂಗ್? ಮದುವೆ? ಗಣೇಶೋತ್ಸವ?

ವಕೀಲರು: ಗ್ಯಾದರಿಂಗಿನಲ್ಲಿ ಮಕ್ಕಳೂ ಮಾಸ್ತರರೂ ಕುಣಿದು ಹಾಡಬಹುದು. ಅಲ್ಲಿ ಸಿನಿಮಾ ಹಾಡಿನ ಮುದ್ರಣ ಹಾಕುವುದಾದರೆ, ಪ್ರೇಕ್ಷಕರು ಮಕ್ಕಳು, ಶಿಕ್ಷಕರು, ಪಾಲಕರು, ಶಾಲೆಯ ಕೆಲಸಕ್ಕೆ ಸಂಬಂಧಪಟ್ಟವರು ಇಷ್ಟಕ್ಕೇ ಸೀಮಿತವಾಗಿರಬೇಕು. ಮದುವೆಯ ಮಾತು ಇನ್ನೂ ಸ್ಪಷ್ಟ: ನಿಜವಾದ ಧಾರ್ಮಿಕ ವಿಧಿಯ ವೇಳೆ ಹಾಡು ಹಾಕಲು ಅಪ್ಪಣೆ ಬೇಡ, ಮದುವೆಯ ದಿಬ್ಬಣವೂ ಮದುವೆಗೆ ಹೊಂದಿದ ಇತರ ಸಂಭ್ರಮಗಳೂ ಅದರಲ್ಲಿ ಸೇರಿವೆ ಎಂದು ಕಾಯ್ದೆಯೇ ಬರೆದಿದೆ. ಮದುವೆ ಛತ್ರಗಳಿಂದ ರಾಯಧನ ಕೇಳುವುದು ಹೆಚ್ಚಿದಾಗ 2023ರ ಜುಲೈ 24ರಂದು ಕೇಂದ್ರದ ಕೈಗಾರಿಕಾ ಉತ್ತೇಜನ ಇಲಾಖೆ ಸಾರ್ವಜನಿಕ ಪ್ರಕಟಣೆ ಹೊರಡಿಸಿ ಇದನ್ನು ನೆನಪಿಸಿತು. ಕಾರವಾರದಾಚೆಯ ಗೋವಾ ಸರ್ಕಾರ 2024ರಲ್ಲಿ ಇಂಥದೇ ಸುತ್ತೋಲೆ ಹೊರಡಿಸಿದಾಗ, ಕಾಯ್ದೆಯ ಅರ್ಥವನ್ನು ಸುತ್ತೋಲೆಯಿಂದ ಹಿಗ್ಗಿಸಲಾಗದು ಎಂದು ಬಾಂಬೆ ಹೈಕೋರ್ಟಿನ ಗೋವಾ ಪೀಠ ಅದನ್ನು ರದ್ದುಪಡಿಸಿತು. ಮದುವೆಯ ವಿನಾಯಿತಿ ಅದರಿಂದ ಅಳಿಯಲಿಲ್ಲ, ಅದು ಇರುವುದು ಕಾಯ್ದೆಯಲ್ಲೇ. ಗಣೇಶೋತ್ಸವದಲ್ಲಿ ಪೂಜೆ, ಆರತಿ, ವಿಸರ್ಜನೆಯ ಹಾಡುಗಳಿಗೆ ತೊಂದರೆ ಇಲ್ಲ. ರಾತ್ರಿ ಸಂಭಾವನೆ ಕೊಟ್ಟು ಕರೆಸುವ ರಸಮಂಜರಿ ಧಾರ್ಮಿಕ ವಿಧಿಯೆಂದು ವಾದಿಸುವುದು ಕಷ್ಟ.

ಭಾಗವತರು: ಈಗ ಮೊಬೈಲಿಗೆ ಬರೋಣ. ಆಟಕ್ಕೆ ಹೋದವರೆಲ್ಲ ಫೋನು ಎತ್ತಿ ಹಿಡಿದು ಮುದ್ರಿಸುತ್ತಾರೆ. ರಂಗದ ಮೇಲಿರುವವರನ್ನು ಯಾರೂ ಕೇಳುವುದಿಲ್ಲ.

ವಕೀಲರು: ಪ್ರದರ್ಶಕರ ಹಕ್ಕಿಗೆ 39ನೇ ಕಲಮಿನಲ್ಲಿ ವಿನಾಯಿತಿ ಇದೆ. ಮುದ್ರಿಸಿದವನು ತಾನೇ ಕೇಳಲು, ಅಥವಾ ಪ್ರಾಮಾಣಿಕವಾಗಿ ಕಲಿಸಲು, ಸಂಶೋಧಿಸಲು ಮುದ್ರಿಸಬಹುದು. ಭಾಗವತಿಕೆ ಕಲಿಯುವ ಹುಡುಗ ಚೌಕಿಯ ಪಕ್ಕ ನಿಂತು ಮುದ್ರಿಸಿಕೊಂಡರೆ ಅದು ನ್ಯಾಯವೇ. ಅದನ್ನು ನೆಟ್ಟಿಗೆ ಏರಿಸಿದ ಗಳಿಗೆಯಲ್ಲಿ ‘ತಾನೇ ಕೇಳಲು’ ಎಂಬ ಮಾತು ಸುಳ್ಳಾಗುತ್ತದೆ. ಕೊಂಡ ಹಾಡುಗಳಿಗೂ ಇದೇ ಗೆರೆ. 2012ರವರೆಗೆ ಖಾಸಗಿ ಬಳಕೆಯ ವಿನಾಯಿತಿಯಲ್ಲಿ ಧ್ವನಿಮುದ್ರಣದ ಹೆಸರೇ ಇರಲಿಲ್ಲ. ಆ ವರ್ಷದ ತಿದ್ದುಪಡಿ ಕಂಪ್ಯೂಟರ್ ತಂತ್ರಾಂಶ ಬಿಟ್ಟು ಎಲ್ಲ ಕೃತಿಗಳಿಗೂ ಅದನ್ನು ವಿಸ್ತರಿಸಿತು. ಕೊಂಡ ಸೀಡಿಯನ್ನು ಫೋನಿಗೆ ಇಳಿಸಿಕೊಳ್ಳುವುದಕ್ಕೆ ಈಗ ನೆಲೆ ಇದೆ. ಮೆಮೊರಿ ಕಾರ್ಡಿಗೆ ದುಡ್ಡು ತೆಗೆದುಕೊಂಡು ಹಾಡು ತುಂಬಿಕೊಡುತ್ತಿದ್ದ ಅಂಗಡಿಗೆ ಎಂದೂ ನೆಲೆ ಇರಲಿಲ್ಲ. ದುಬೈಯಿಂದ ಭಟ್ಕಳಕ್ಕೆ ಬರುವವರು ಸ್ವಂತಕ್ಕೆಂದು ಒಂದು ಪ್ರತಿ ತಂದರೆ ಅದಕ್ಕೂ ಕಾಯ್ದೆಯಲ್ಲೇ ಅವಕಾಶವಿದೆ, ಹತ್ತು ಪ್ರತಿಗೆ ಇಲ್ಲ.

ಭಾಗವತರು: ವಾಟ್ಸಾಪ್ ಗುಂಪು ಮನೆಯಂತೆಯೇ. ಎಲ್ಲರೂ ಪರಿಚಯದವರು.

ವಕೀಲರು: ಸಾವಿರ ಜನ ಇರಬಹುದಾದ ಗುಂಪು ಮನೆಯಲ್ಲ. ಜನರಿಗೆ ಮುಟ್ಟಿಸುವುದು ಎಂದರೆ ಒಂದೇ ವೇಳೆಗೆ ಕೇಳಿಸುವುದು ಎಂದಷ್ಟೇ ಅರ್ಥವಲ್ಲ. ಒಬ್ಬೊಬ್ಬರು ಬೇಕಾದ ಹೊತ್ತಿಗೆ ತೆರೆದು ಕೇಳುವಂತೆ ಇಡುವುದೂ ಅದೇ, ಯಾರೂ ತೆರೆಯದಿದ್ದರೂ ಅದೇ. ಕೇಬಲ್ಲಿನ ಮೂಲಕ ಮನೆ ಮನೆಗೆ ಸಿನಿಮಾ ತೋರಿಸಿದ ಪ್ರಕರಣದಲ್ಲಿ 1989ರಲ್ಲೇ ಬಾಂಬೆ ಹೈಕೋರ್ಟು, ನೋಡುವವರು ತಮ್ಮ ತಮ್ಮ ಮನೆಯಲ್ಲಿ ಕೂತಿದ್ದರೂ ಅವರು ಸಾರ್ವಜನಿಕರೇ ಎಂದಿತು. ಮನೆಯವರಿಗೆ, ಒಬ್ಬ ಗೆಳೆಯನಿಗೆ ಕಳಿಸಿದ್ದನ್ನು ಖಾಸಗಿ ಬಳಕೆಯೆಂದು ಸಮರ್ಥಿಸಬಹುದು. ಗುಂಪು ಬೆಳೆದಷ್ಟೂ ಆ ಸಮರ್ಥನೆ ತೆಳುವಾಗುತ್ತದೆ. ಹಕ್ಕುದಾರರೇ ಏರಿಸಿದ ಹಾಡಿನ ಲಿಂಕ್ ಕಳಿಸುವುದು ಬೇರೆ. ಅಲ್ಲಿ ಹೊಸ ಪ್ರತಿ ಹುಟ್ಟುವುದಿಲ್ಲ, ಕೇಳಿದ ಲೆಕ್ಕವೂ ಅವರಿಗೇ ಸೇರುತ್ತದೆ. ಯೂಟ್ಯೂಬಿನಲ್ಲಿ ಇನ್ನೊಂದು ಸಂಗತಿ ಇದೆ. ಏರಿಸಿದವರಿಗೆ ಬಿಡಿಗಾಸು ಬಾರದಿದ್ದರೂ ಆ ವೀಡಿಯೊದ ಮೇಲೆ ಜಾಹೀರಾತು ಹಾಕುವ ಅಧಿಕಾರವನ್ನು ಕಂಪನಿ 2020ರಿಂದ ತನ್ನ ನಿಯಮದಲ್ಲಿ ಇಟ್ಟುಕೊಂಡಿದೆ. ಲಾಭವಿಲ್ಲದೆ ಏರಿಸಿದ ಆಟದಿಂದ ಲಾಭ ಹುಟ್ಟುತ್ತದೆ, ಹಾಡಿದವರಿಗೆ ಅದು ಮುಟ್ಟುವುದಿಲ್ಲ.

ಭಾಗವತರು: ಸಿಕ್ಕಿಬಿದ್ದರೆ ಶಿಕ್ಷೆ ಏನು?

ವಕೀಲರು: ಲಾಭದ ಮಾತು ಗಟ್ಟಿಯಾಗಿ ಕೇಳಿಬರುವುದು ಇಲ್ಲಿಯೇ. 63ನೇ ಕಲಮಿನ ಪ್ರಕಾರ ತಿಳಿದೂ ಉಲ್ಲಂಘಿಸಿದವನಿಗೆ 6 ತಿಂಗಳಿಂದ 3 ವರ್ಷ ಸಜೆ, 50,000ದಿಂದ 2 ಲಕ್ಷ ರೂಪಾಯಿ ದಂಡ. ವ್ಯಾಪಾರದ ಗಳಿಕೆಗಾಗಿ ಮಾಡಿದ್ದಲ್ಲವಾದರೆ ನ್ಯಾಯಾಲಯ ಸಾಕಷ್ಟು ವಿಶೇಷ ಕಾರಣ ಬರೆದು ಇದಕ್ಕಿಂತ ಕಡಿಮೆ ಮಾಡಬಹುದು. ಗಮನಿಸಿ, ಅಪರಾಧ ಅಳಿಯುವುದಿಲ್ಲ, ಶಿಕ್ಷೆ ಇಳಿಯುತ್ತದೆ. 2022ರ ಮೇ 20ರಂದು ಸುಪ್ರೀಂ ಕೋರ್ಟು ಇದು ವಾರಂಟ್ ಇಲ್ಲದೆ ಬಂಧಿಸಬಹುದಾದ, ಜಾಮೀನು ಹಕ್ಕಾಗಿ ಸಿಗದ ಅಪರಾಧ ಎಂದು ತೀರ್ಮಾನಿಸಿತು. ಒಂದು ಪದ್ಯ ಹಂಚಿದ ಅಭಿಮಾನಿಗೂ ಸಾವಿರಾರು ಸೀಡಿ ಒತ್ತಿ ಮಾರಿದವನಿಗೂ ಪೊಲೀಸ್ ಠಾಣೆಯ ಬಾಗಿಲಲ್ಲಿ ಭೇದವಿಲ್ಲದಂತಾಗಿರುವುದು ಸರಿಯಲ್ಲ. ಭೇದ ಮಾಡಬೇಕಾದದ್ದು ಶಿಕ್ಷೆ ಬರೆಯುವ ದಿನವಲ್ಲ, ಬಂಧಿಸುವ ಮೊದಲೇ. ಸಿವಿಲ್ ದಾವೆಯಲ್ಲಿ ತಡೆಯಾಜ್ಞೆ, ನಷ್ಟ ಪರಿಹಾರ ಕೇಳಬಹುದು. ಹಕ್ಕು ಇದೆಯೆಂದು ತಿಳಿದಿರಲಿಲ್ಲ, ತಿಳಿಯಲು ಕಾರಣವೂ ಇರಲಿಲ್ಲ ಎಂದು ತೋರಿಸಿದವನಿಗೆ ಅಲ್ಲಿ ಸ್ವಲ್ಪ ರಿಯಾಯಿತಿ ಇದೆ.

ಭಾಗವತರು: ಬೇರೆ ದೇಶಗಳಲ್ಲಿ?

ವಕೀಲರು: ಅಮೆರಿಕದಲ್ಲಿ 1994ರಲ್ಲಿ ತಂತ್ರಾಂಶವನ್ನು ಬಿಟ್ಟಿಯಾಗಿ ಹಂಚುವ ವ್ಯವಸ್ಥೆ ಮಾಡಿದ ವಿದ್ಯಾರ್ಥಿಯೊಬ್ಬನ ಮೇಲಿನ ಕ್ರಿಮಿನಲ್ ಮೊಕದ್ದಮೆ, ಲಾಭವಿರಲಿಲ್ಲವೆಂಬ ಕಾರಣಕ್ಕೆ ಬಿದ್ದುಹೋಯಿತು. 1997ರಲ್ಲಿ ಕಾಂಗ್ರೆಸ್ಸು ಹೊಸ ಕಾಯ್ದೆ ತಂದು ಆ ದಾರಿ ಮುಚ್ಚಿತು. 2001ರಲ್ಲಿ ನ್ಯಾಪ್‌ಸ್ಟರ್ ಪ್ರಕರಣ ಬಂದಾಗ, ಹಾಡು ಹಂಚಿಕೊಂಡ ಬಳಕೆದಾರರು ದುಡ್ಡು ಪಡೆಯದಿದ್ದರೂ ಕೊಳ್ಳಬೇಕಾದದ್ದನ್ನು ಬಿಟ್ಟಿ ಪಡೆದರು, ಅದೇ ಅವರ ಗಳಿಕೆ ಎಂದಿತು ನ್ಯಾಯಾಲಯ. ಜರ್ಮನಿ ಬೇರೆ ದಾರಿ ಹಿಡಿಯಿತು. ಮನೆಯಲ್ಲಿ ಜನ ಪ್ರತಿ ಮಾಡಿಯೇ ಮಾಡುತ್ತಾರೆಂದು ಒಪ್ಪಿಕೊಂಡು, 1965ರಿಂದ ಮುದ್ರಣ ಯಂತ್ರಗಳ ಮೇಲೆ ಶುಲ್ಕ ಹಾಕಿ ಅದನ್ನು ಕಲಾವಿದರಿಗೆ ಹಂಚುತ್ತಿದೆ. ನಮ್ಮಲ್ಲಿ ಆ ಏರ್ಪಾಡಿಲ್ಲ. ಇದ್ದಿದ್ದರೆ ಕ್ಯಾಸೆಟ್ ಯುಗದ ಹಾಡುಗಾರರ ಬದುಕು ಇನ್ನಷ್ಟು ಹಗುರಾಗುತ್ತಿತ್ತು.

ಭಾಗವತರು: ಕೊನೆಗೊಂದು ಮಾತು. ಎಂಬತ್ತರ ದಶಕದಲ್ಲಿ ಟೇಪ್ ರೆಕಾರ್ಡರ್ ಹೊತ್ತು ಆಟದಿಂದ ಆಟಕ್ಕೆ ಹೋದ ಅಭಿಮಾನಿಗಳಿದ್ದರು. ಅವರ ಕ್ಯಾಸೆಟ್ಟುಗಳು ಮನೆಯ ಅಟ್ಟದಲ್ಲಿ, ಮಳೆಗಾಲದ ತೇವಕ್ಕೆ ಬೂಸಲು ಹಿಡಿಯುತ್ತಿವೆ. ಎಷ್ಟೋ ಭಾಗವತರ ಕಂಠ ಉಳಿದಿರುವುದು ಅಲ್ಲಿ ಮಾತ್ರ. ಅವನ್ನು ನೆಟ್ಟಿಗೆ ಹಾಕಿ ಉಳಿಸಿದವರನ್ನು ಅಪರಾಧಿ ಎನ್ನುವುದು ಅನ್ಯಾಯ.

ವಕೀಲರು: ಅವರನ್ನು ಹಾಗೆ ಕರೆಯಲು ಮನಸ್ಸು ಬಾರದು. ಕಾಯ್ದೆಯೂ ಇಲ್ಲಿ ವಿಚಿತ್ರವಾಗಿದೆ: ಧ್ವನಿಮುದ್ರಣದ 60 ವರ್ಷ ಎಣಿಸುವುದು ಪ್ರಕಟವಾದ ಮರುವರ್ಷದಿಂದ, ಹಾಗಾಗಿ ಎಂದೂ ಪ್ರಕಟವಾಗದ ಕ್ಯಾಸೆಟ್ಟಿನ ಲೆಕ್ಕ ಶುರುವಾಗುವುದೇ ಇಲ್ಲ. ಪ್ರತಿ ಮಾಡಿ ಜೋಪಾನ ಮಾಡುವುದು ಒಂದು ಕೆಲಸ, ಲೋಕಕ್ಕೆ ಹಂಚುವುದು ಇನ್ನೊಂದು. ಮೊದಲನೆಯದಕ್ಕೆ ತಡಮಾಡಬಾರದು. ಮುದ್ರಣದ ಹೊಣೆ ಹೊತ್ತವನೇ ಆ ಮುದ್ರಣದ ಒಡೆಯ, ಆದ್ದರಿಂದ ಅವನದೇ ಪ್ರತಿಯನ್ನು ಅವನು ಡಿಜಿಟಲ್ ಮಾಡಲು ಯಾರೂ ಅಡ್ಡ ಬರಲಾರರು. ಎರಡನೆಯದಕ್ಕೆ ಹಾಡಿದವರನ್ನೋ ಅವರ ಮಕ್ಕಳನ್ನೋ, ಪ್ರಸಂಗ ಹೊಸದಾದರೆ ಕವಿಯ ಮನೆಯವರನ್ನೋ ಕಂಡು ಒಪ್ಪಿಗೆ ಪಡೆಯಬೇಕು. ಬಾಯಿಮಾತು ಸಾಲದು, 30ನೇ ಕಲಂ ಬರಹದಲ್ಲೇ ಇರಬೇಕೆನ್ನುತ್ತದೆ. ಒಂದು ಹಾಳೆ ಸಾಕು: ಯಾವ ಪ್ರಸಂಗ, ಯಾವ ಊರಿನ ಆಟ, ಎಲ್ಲೆಲ್ಲಿ ಹಂಚಬಹುದು, ದುಡ್ಡು ಬಂದರೆ ಯಾರಿಗೆ. ಹಿಮ್ಮೇಳದ ಮೂವರ ಹೆಸರೂ ಹಾಕಬೇಕು, ಏಕೆಂದರೆ ಹೆಸರು ಹೇಳಿಸಿಕೊಳ್ಳುವ ಹಕ್ಕನ್ನು 2012ರಿಂದ ಕಾಯ್ದೆ ಪ್ರದರ್ಶಕರಿಗೂ ಕೊಟ್ಟಿದೆ.

ಭಾಗವತರು: ಕವಿಯೇ ಎಲ್ಲರಿಗೂ ಬಿಟ್ಟುಕೊಡಬೇಕೆಂದರೆ?

ವಕೀಲರು: ಅದಕ್ಕೂ ದಾರಿಯಿದೆ. 21ನೇ ಕಲಮಿನಂತೆ ಕೃತಿಕಾರ ರಿಜಿಸ್ಟ್ರಾರರಿಗೆ ನಿಗದಿತ ನಮೂನೆಯಲ್ಲಿ ತಿಳಿಸಿ, ಅಥವಾ 2012ರ ತಿದ್ದುಪಡಿಯ ನಂತರ ಸಾರ್ವಜನಿಕ ಪ್ರಕಟಣೆ ಕೊಟ್ಟು, ತನ್ನ ಹಕ್ಕನ್ನು ಪೂರ್ತಿಯಾಗಿಯೋ ಭಾಗಶಃವೋ ತ್ಯಜಿಸಬಹುದು. ಹವ್ಯಾಸಿಗಳು ಆಡಲಿ, ಮಕ್ಕಳು ಕಲಿಯಲಿ, ಡೇರೆಯವರು ಮಾತ್ರ ಕೇಳಿ ಆಡಲಿ ಎಂದು ಬರೆದುಕೊಡುವುದಕ್ಕೂ ತಡೆಯಿಲ್ಲ.